ತಂತಿ, ಮ್ಯಾಗ್ನೆಟ್, ಸಿಲ್ವರ್ ಓಕ್: ಆಂಟಿಬಾಡಿ ಎಲ್ಲಿ ಹಿಡಿಯುತ್ತದೆ ಅಂತ ತೋರಿಸುವ ಮಾದರಿ

ಹಾಸನದ ನಮ್ಮ ಪಿಯು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಕಟ್ಟಿದ ಮಾದರಿ ಇದು. ಪಾಠದಲ್ಲಿ ಬರುವ ಚಿತ್ರ ಎಲ್ಲರಿಗೂ ಗೊತ್ತು. ರೋಗಾಣು ಹಿಡಿಯಲು ದೇಹ ತಯಾರಿಸುವ ವೈ ಆಕಾರದ ಪ್ರೋಟೀನ್, ಅಂದರೆ ಆಂಟಿಬಾಡಿ, ಅದರ ತುದಿಯಲ್ಲಿ ತ್ರಿಕೋನದ ಕಚ್ಚು, ಎದುರಿಗೆ ಅದು ಹಿಡಿಯುವ ವಸ್ತು, ಅಂದರೆ ಆಂಟಿಜನ್, ಅದರ ಮೇಲೆ ಅದೇ ಅಳತೆಯ ತ್ರಿಕೋನ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮಕ್ಕಳು ಕೇಳುವ ಮೊದಲ ಪ್ರಶ್ನೆಗೇ ಈ ಚಿತ್ರದಲ್ಲಿ ಉತ್ತರವಿಲ್ಲ: ಆಂಟಿಜನ್ ಮೇಲೆ ಆ ಜಾಗ, ಅಂದರೆ ಎಪಿಟೋಪ್, ನಿಜವಾಗಿ ಯಾವುದರಿಂದ ಆಗಿರುತ್ತದೆ?

ಹಾಗಾಗಿ ಮಾದರಿ ಮಾಡಬೇಕಾದ ಕೆಲಸಗಳನ್ನು ಮೊದಲೇ ಬರೆದಿಟ್ಟುಕೊಂಡೆ. ಪ್ರೋಟೀನ್ ಮಡಚಿಕೊಂಡಿದ್ದಾಗ ಆಂಟಿಬಾಡಿ ಕಚ್ಚಿಕೊಳ್ಳಬೇಕು, ಬಿಡಿಸಿ ಉದ್ದ ಎಳೆದರೆ ಕಚ್ಚಬಾರದು. ಸರಿಯಾದ ಜಾಗ ಬಿಟ್ಟು ಬೇರೆಲ್ಲೂ ಅಂಟಬಾರದು. ಪ್ರೋಟೀನ್ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ಬದಲಾದರೂ ಹಿಡಿತ ಜಾರಬೇಕು. ಕೊನೆಗೆ ಅದೇ ಪ್ರೋಟೀನಿನ ಒಂದು ತುಂಡು ಟಿ ಕೋಶದ (ರೋಗನಿರೋಧಕ ಶಕ್ತಿಯ ಇನ್ನೊಂದು ಬಗೆಯ ಕೋಶ) ಆಟಕ್ಕೂ ಬರಬೇಕು.

ಹಂತ 1: ಯಾವ ಆಂಟಿಜನ್?

ಕೊರೊನಾ ವೈರಸ್‌ನ ಮೈಮೇಲಿನ ಮುಳ್ಳು, ಅಂದರೆ ಸ್ಪೈಕ್ ಪ್ರೋಟೀನ್, ಮಾಡೋಣ ಅಂತ ಮಕ್ಕಳ ಆಸೆ. ಅದರ ಒಂದೊಂದು ಸರಪಳಿಯಲ್ಲೂ 1273 ಅಮೈನೋ ಆಮ್ಲ, ಅಂಥ 3 ಸರಪಳಿ ಸೇರಿ ಒಂದು ಸ್ಪೈಕ್. ತಂತಿ ಬಗ್ಗಿಸುವವರ ಗತಿ ಏನು? ಅದನ್ನು ಅಲ್ಲಿಗೇ ಬಿಟ್ಟೆ.

ಆರಿಸಿದ್ದು ಕೋಳಿಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಎಂಬ ಕಿಣ್ವ. ಬರೀ 129 ಅಮೈನೋ ಆಮ್ಲ, ಒಂದೇ ಸರಪಳಿ. 1965ರಲ್ಲಿ ಡೇವಿಡ್ ಫಿಲಿಪ್ಸ್ ತಂಡ ಲಂಡನ್ನಿನಲ್ಲಿ ಇದರ ರಚನೆ ಬಿಡಿಸಿತು. ಕಿಣ್ವವೊಂದರ ರಚನೆ ಗೊತ್ತಾಗಿದ್ದು ಅದೇ ಮೊದಲು. ನಮಗೆ ಬೇಕಾದ ವಿಷಯ ಬಂದದ್ದು 1986ರಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ರೊಬೆರ್ಟೊ ಪೊಲ್ಜಾಕ್ ತಂಡ ಲೈಸೋಜೈಮ್ ಮತ್ತು ಅದನ್ನು ಹಿಡಿದಿದ್ದ ಡಿ1.3 ಎಂಬ ಇಲಿಯ ಆಂಟಿಬಾಡಿ, ಎರಡನ್ನೂ ಒಟ್ಟಿಗೇ ಹರಳು ಮಾಡಿ ನೋಡಿತು. ಯಾವ ಅಮೈನೋ ಆಮ್ಲ ಯಾವುದಕ್ಕೆ ತಾಗಿದೆ ಅನ್ನುವ ಪಟ್ಟಿಯೇ ಸಿಕ್ಕಿತು. ಲೈಸೋಜೈಮ್ ಕಡೆಯಿಂದ 16, ಆಂಟಿಬಾಡಿ ಕಡೆಯಿಂದ 17.

ಆ 16 ಇರುವುದು ಸರಪಳಿಯ ಎರಡು ಬೇರೆ ಬೇರೆ ಕಡೆ: 18ರಿಂದ 27ರ ನಡುವೆ ಕೆಲವು, 116ರಿಂದ 129ರ ನಡುವೆ ಉಳಿದವು. ನನ್ನ ಮಾದರಿ ಪೂರ್ತಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಹಂತ 2: ಅಳತೆ

ಪ್ರೋಟೀನ್ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಈ ಜೋಡಿಯ 1ಎಫ್‌ಡಿಎಲ್ ಅನ್ನುವ ಫೈಲ್ ಇಳಿಸಿಕೊಂಡೆ, ಉಚಿತ. ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲು ಸಾಲು ಅಂಕಿಗಳು. ಅದರಲ್ಲಿ ಲೈಸೋಜೈಮ್ ಸರಪಳಿ, ಅದರಲ್ಲೂ ಆಲ್ಫಾ ಕಾರ್ಬನ್ (ಒಂದೊಂದು ಅಮೈನೋ ಆಮ್ಲದ ನಡುವಿನ ಕಾರ್ಬನ್) ಇರುವ ಸಾಲುಗಳನ್ನು ಮಾತ್ರ ಎಕ್ಸೆಲ್‌ಗೆ ತಂದೆ. 129 ಸಾಲು. ಪ್ರತಿ ಸಾಲಿನಲ್ಲೂ ಉದ್ದ, ಅಗಲ, ಎತ್ತರದ ಮೂರು ಅಂಕಿ, ಆಂಗ್‌ಸ್ಟ್ರಾಮ್ (ಮಿ.ಮೀ.ನ ಕೋಟಿಯಲ್ಲೊಂದು ಭಾಗ) ಲೆಕ್ಕದಲ್ಲಿ.

1 ಆಂಗ್‌ಸ್ಟ್ರಾಮಿಗೆ 2.5 ಮಿ.ಮೀ. ಅಂತ ಇಟ್ಟುಕೊಂಡೆ. ಒಂದು ಆಲ್ಫಾ ಕಾರ್ಬನ್‌ನಿಂದ ಮುಂದಿನದಕ್ಕೆ 3.8 ಆಂಗ್‌ಸ್ಟ್ರಾಮ್, ಅಂದರೆ ತಂತಿಯಲ್ಲಿ 9.5 ಮಿ.ಮೀ. ಪೂರ್ತಿ ಸರಪಳಿಗೆ 1216 ಮಿ.ಮೀ. ತಂತಿ ಸಾಕು. ಮಡಚಿದ ಮೇಲೆ ಸುಮಾರು 11 ಸೆಂ.ಮೀ. ಉದ್ದ, 7.5 ಸೆಂ.ಮೀ. ದಪ್ಪ, ಕೈಯಲ್ಲಿ ಹಿಡಿಯುವಷ್ಟು. ಆಂಟಿಬಾಡಿ ತಾಗುವ ಜಾಗ ಸುಮಾರು 20 × 30 ಆಂಗ್‌ಸ್ಟ್ರಾಮ್, ಅಂದರೆ 50 × 75 ಮಿ.ಮೀ. ಇಡೀ ವೈ ಆಕಾರ ಈ ಅಳತೆಯಲ್ಲಿ ಒಂದೂಕಾಲು ಅಡಿ ಅಗಲ ಆಗುತ್ತದೆ. ಟೇಬಲ್ ಮೇಲೆ ಇಡಬಹುದು.

ಹಂತ 3: ತಂತಿ

ಮೊದಲು ತಂದದ್ದು 14 ಗೇಜಿನ ಜಿಐ ತಂತಿ, ಬೇಲಿಗೆ ಕಟ್ಟುವಂಥದ್ದು. ಅದಕ್ಕೆ ಬಳೆ ಅಂಗಡಿಯಿಂದ 8 ಮಿ.ಮೀ. ಮಣಿ ತಂದು ಒಂದೊಂದು ಅಮೈನೋ ಆಮ್ಲಕ್ಕೆ ಒಂದರಂತೆ ಪೋಣಿಸಿದೆ. ನೋಡೋಕೆ ಚೆನ್ನಾಗಿತ್ತು. ಬಗ್ಗಿಸಲು ಹೋದಾಗ ಗೊತ್ತಾಯಿತು: ತಂತಿ ಬಗ್ಗಬೇಕಾದದ್ದು ಆಲ್ಫಾ ಕಾರ್ಬನ್ ಇರುವ ಜಾಗದಲ್ಲಿ, ಅಂದರೆ ಮಣಿಯ ನಟ್ಟನಡುವೆ. ಮಣಿಯೊಳಗೆ ತಂತಿ ಹೇಗೆ ಬಗ್ಗುತ್ತದೆ? ಬಗ್ಗಿದ್ದೆಲ್ಲ ಮಣಿಗಳ ನಡುವಿನ ಒಂದೂವರೆ ಮಿ.ಮೀ. ಸಂದಿಯಲ್ಲಿ. ಹತ್ತು ಮಣಿ ದಾಟುವಷ್ಟರಲ್ಲಿ ಲೆಕ್ಕ ತಪ್ಪಿತು. ಮಣಿ ತೆಗೆದೆ.

ಜಿಐ ತಂತಿಯ ಇನ್ನೊಂದು ತೊಂದರೆ ಮ್ಯಾಗ್ನೆಟ್ ಹತ್ತಿರ ತಂದಾಗ ಬಂತು. ಅದು ಕಬ್ಬಿಣ ಅಲ್ವಾ? ಆಂಟಿಬಾಡಿ ಎಲ್ಲಿ ಇಟ್ಟರೂ ಅಲ್ಲೇ ಕಚ್ಚಿಕೊಂಡಿತು. ಬೆನ್ನಿಗೆ, ಬುಡಕ್ಕೆ, ಎಲ್ಲಿಗೆ ಬೇಕಾದರೂ. ಲ್ಯಾಬಿನಲ್ಲಿ ಎಲೈಸಾ, ಅಂದರೆ ಆಂಟಿಬಾಡಿ ಬಳಸಿ ಮಾಡುವ ಪರೀಕ್ಷೆ, ಮಾಡುವವರಿಗೆ ಇಂಥ ಗುರಿಯಿಲ್ಲದ ಅಂಟು ದಿನದ ತಲೆನೋವು. ಆದರೆ ನಮಗೆ ತೋರಿಸಬೇಕಾದದ್ದು ಅದಲ್ಲ.

ಬಿ.ಎಂ. ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 2 ಮಿ.ಮೀ. ಅಲ್ಯೂಮಿನಿಯಂ ತಂತಿ ಸಿಕ್ಕಿತು. ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಇಕ್ಕಳಕ್ಕೆ ಸುಲಭವಾಗಿ ಬಗ್ಗುತ್ತದೆ, ಇಡೀ ಸರಪಳಿ ಹತ್ತು ಗ್ರಾಮ್ ಸುಮಾರು. 9.5 ಮಿ.ಮೀ.ಗೆ ಒಂದರಂತೆ ಸಿಡಿ ಮಾರ್ಕರ್‌ನಿಂದ ಗುರುತು ಹಾಕಿದೆ. ಪ್ರತಿ ಹತ್ತನೆಯ ಗುರುತು ದಪ್ಪ. 18–27ರ ಭಾಗಕ್ಕೆ ಕೆಂಪು, 116–129ರ ಭಾಗಕ್ಕೆ ನೀಲಿ. ಮನೆ ವೈರಿಂಗಿನ 4 ಸ್ಕ್ವೇರ್ ಎಂಎಂ ವೈರಿನ ಸಿಪ್ಪೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಬಗ್ಗುವ ಜಾಗ ಬಿಟ್ಟು, ತೊಡಿಸಿದರೆ ಬಣ್ಣ ಬಂದಾಯಿತು. ಸಿಪ್ಪೆಯನ್ನು ಬಗ್ಗಿಸುವ ಮೊದಲೇ ತೊಡಿಸಿ. ಆಮೇಲೆ ಹೋಗುವುದಿಲ್ಲ.

ಹಂತ 4: ಬಗ್ಗಿಸುವ ಹಲಗೆ

ಪ್ಲೈವುಡ್ ತುಂಡಿನ ಮೇಲೆ ಮಿ.ಮೀ. ಗ್ರಾಫ್ ಹಾಳೆ ಅಂಟಿಸಿದೆ. ಉದ್ದ, ಅಗಲದ ಅಂಕಿ ನೋಡಿ 2 ಮಿ.ಮೀ. ತೂತು. ಅದರಲ್ಲಿ ಹಳೇ ಸೈಕಲ್ ಕಡ್ಡಿ, ಎತ್ತರದ ಅಂಕಿಗೆ ಸರಿಯಾಗಿ ಕತ್ತರಿಸಿದ್ದು. ಕಡ್ಡಿಯ ತುದಿ ಅಂದರೆ ಒಂದು ಆಲ್ಫಾ ಕಾರ್ಬನ್ ಇರಬೇಕಾದ ಜಾಗ. ತಂತಿಯ ಗುರುತು ಆ ತುದಿಗೆ ಬರುವಂತೆ ಬಗ್ಗಿಸುತ್ತಾ ಹೋಗುವುದು. 129 ಕಡ್ಡಿ ಒಟ್ಟಿಗೆ ನಿಲ್ಲಿಸಿದರೆ ಕೈ ತೂರುವುದಿಲ್ಲ. ಹನ್ನೆರಡು ಹನ್ನೆರಡರ ಗುಂಪು ಮಾಡಿ, ಒಂದು ಗುಂಪು ಮುಗಿದ ಮೇಲೆ ಅದರ ಕಡ್ಡಿ ಕಿತ್ತು ಮುಂದಿನದನ್ನು ನಿಲ್ಲಿಸಿದೆ. ಕೊನೆಯ ಮೂರು ಕಡ್ಡಿ ಮಾತ್ರ ಕೀಳಬಾರದು, ಮುಂದಿನ ಗುಂಪಿಗೆ ಅದೇ ಆಧಾರ.

ಸರಿ ಬಂದಿದೆಯಾ ಅಂತ ನೋಡುವುದು ಹೇಗೆ? ಲೈಸೋಜೈಮೇ ಒಂದು ದಾರಿ ಕೊಟ್ಟಿದೆ. ಅದರಲ್ಲಿ ನಾಲ್ಕು ಗಂಧಕದ ಸೇತುವೆಗಳಿವೆ: 6ಕ್ಕೂ 127ಕ್ಕೂ, 30ಕ್ಕೂ 115ಕ್ಕೂ, 64ಕ್ಕೂ 80ಕ್ಕೂ, 76ಕ್ಕೂ 94ಕ್ಕೂ. ಈ ಜೋಡಿಗಳ ನಡುವೆ ನಮ್ಮ ಅಳತೆಯಲ್ಲಿ 11ರಿಂದ 17 ಮಿ.ಮೀ. ಇರಬೇಕು. ಮೊದಲ ತಂತಿಯಲ್ಲಿ 64–80 ಸರಿಯಾಗಿತ್ತು. 6–127 ಅಳೆದರೆ 41 ಮಿ.ಮೀ! ಒಂದೊಂದು ಗುಂಪಿನಲ್ಲೂ ಒಂದೆರಡು ಮಿ.ಮೀ. ಜಾರಿ, ಕೊನೆಗೆ ಅಷ್ಟೂ ಕೂಡಿಕೊಂಡಿತ್ತು. ಹತ್ತಿರದ ಜೋಡಿ ಸರಿ ಇದ್ದು ದೂರದ್ದು ತಪ್ಪಿದರೆ ಕಾರಣ ಇದೇ. ಎರಡನೆಯ ತಂತಿಯಲ್ಲಿ ಪ್ರತಿ ಗುಂಪಾದ ಮೇಲೂ ಮೊದಲ ಕಡ್ಡಿಯಿಂದ ದೂರ ಅಳೆದು ಎಕ್ಸೆಲ್ ಜೊತೆ ತಾಳೆ ನೋಡಿದೆ. ಕೊನೆಯಲ್ಲಿ 6–127 ನಡುವೆ 19 ಬಂತು. ಕೈಯಲ್ಲಿ ಸ್ವಲ್ಪ ಒತ್ತಿ, ನಾಲ್ಕೂ ಸೇತುವೆಗೆ ಮೋಟಾರ್ ವೈಂಡಿಂಗಿನ ತಾಮ್ರದ ತಂತಿ ಕಟ್ಟಿದೆ. ಕಟ್ಟಿದ ಮೇಲೆ ಇಡೀ ಗಂಟು ಗಟ್ಟಿಯಾಯಿತು. ನಿಜವಾದ ಲೈಸೋಜೈಮ್ ಗಟ್ಟಿಮುಟ್ಟಾಗಿರುವುದಕ್ಕೂ ಈ ಸೇತುವೆಗಳೇ ಒಂದು ಮುಖ್ಯ ಕಾರಣ.

ಈಗ ತಂತಿಯನ್ನು ತಿರುಗಿಸಿ ನೋಡಿದರೆ ಕೆಂಪೂ ನೀಲಿಯೂ ಒಂದೇ ಮುಖದಲ್ಲಿ, ಪಕ್ಕಪಕ್ಕ.

ಬಿಡಿಸಿದ ಸರಪಳಿ ತೋರಿಸಲು ಇದೇ ತಂತಿಯನ್ನು ನೆಟ್ಟಗೆ ಮಾಡುವ ಹಾಗಿಲ್ಲ, ಎರಡು ಸಲಕ್ಕೆ ಮುರಿಯುತ್ತದೆ. ಅದಕ್ಕೆ ಬಟ್ಟೆ ಒಣಗಿಸುವ ನೈಲಾನ್ ಹಗ್ಗ, ಅಷ್ಟೇ ಉದ್ದ, ಅದೇ ಗುರುತು. ಹಗ್ಗದಲ್ಲಿ ಕೆಂಪು ಮುಗಿದು ನೀಲಿ ಶುರುವಾಗಲು 845 ಮಿ.ಮೀ. ದಾಟಬೇಕು. ಇದನ್ನು ಮಕ್ಕಳ ಕೈಗೆ ಕೊಟ್ಟರೆ ಸಾಕು, ವಿವರಣೆ ಬೇಡ.

ಹಂತ 5: ಮ್ಯಾಗ್ನೆಟ್

ನಿಜದಲ್ಲಿ ಆಂಟಿಬಾಡಿಗೂ ಆಂಟಿಜನ್‌ಗೂ ನಡುವೆ ಗಟ್ಟಿ ಬೆಸುಗೆ ಯಾವುದೂ ಇಲ್ಲ. ಹೈಡ್ರೋಜನ್ ಬಂಧ, ಧನ-ಋಣ ಸೆಳೆತ, ತೀರಾ ಹತ್ತಿರ ಬಂದಾಗ ಮಾತ್ರ ಕೆಲಸ ಮಾಡುವ ಸಣ್ಣ ಸಣ್ಣ ಬಲಗಳು. ಒಂದೊಂದೇ ತೆಗೆದುಕೊಂಡರೆ ದುರ್ಬಲ, ಎಲ್ಲ ಸೇರಿದರೆ ಗಟ್ಟಿ. ಸಣ್ಣ ಮ್ಯಾಗ್ನೆಟ್ ಈ ಕೆಲಸಕ್ಕೆ ಸರಿಹೊಂದುತ್ತದೆ. 8 × 3 ಮಿ.ಮೀ. ನಿಯೋಡೈಮಿಯಂ ತರಿಸಿದ್ದೆ, ಒಂದೇ ಮ್ಯಾಗ್ನೆಟ್ ಇಡೀ ಮಾದರಿಯನ್ನು ಎತ್ತಿತು. ಅದು ಬೇಡ. 6 × 2 ಸರಿ.

ಹದಿನಾರಕ್ಕೂ ಮ್ಯಾಗ್ನೆಟ್ ಹಾಕಿದರೆ ಒಂದನ್ನೊಂದು ಎಳೆದಾಡುತ್ತವೆ. ಐದು ಆರಿಸಿದೆ: ಕೆಂಪಿನಲ್ಲಿ 19, 22, 24, ನೀಲಿಯಲ್ಲಿ 118, 125. ಎಂ-ಸೀಲ್ ಹಾಕಿ ತಂತಿಗೆ ಕೂರಿಸಿದೆ. ಡಿ1.3 ಹಿಡಿಯುವ ಮುಖ ಹೆಚ್ಚುಕಮ್ಮಿ ಚಪ್ಪಟೆ. ತಗ್ಗಿದ್ದ ಕಡೆ ಎಂ-ಸೀಲ್ ಸ್ವಲ್ಪ ಜಾಸ್ತಿ ಇಟ್ಟು ಐದನ್ನೂ ಒಂದು ಮಟ್ಟಕ್ಕೆ ತಂದೆ. ಐದಕ್ಕೂ ಉತ್ತರ ಧ್ರುವ ಹೊರಗಿಟ್ಟರೆ ಆಂಟಿಬಾಡಿ ಓರೆಯಾಗಿಯೂ ಕೂರುತ್ತದೆ, ತಲೆಕೆಳಗಾಗಿಯೂ ಕೂರುತ್ತದೆ. ಹಾಗಾಗಿ ಉತ್ತರ, ದಕ್ಷಿಣ, ಉತ್ತರ, ಮತ್ತೆ ಉತ್ತರ, ದಕ್ಷಿಣ. ಹಗ್ಗಕ್ಕೂ ಅದೇ ಕ್ರಮ. ತರಿಸಿದ ದಿನವೇ ಎಲ್ಲ ಮ್ಯಾಗ್ನೆಟ್‌ಗಳ ಉತ್ತರ ಮುಖಕ್ಕೆ ನೇಲ್ ಪಾಲಿಶ್ ಚುಕ್ಕಿ ಇಡಿ.

ಹಂತ 6: ಆಂಟಿಬಾಡಿಯ ತುದಿ. ಇಲ್ಲಿ ಮಾದರಿಯನ್ನೇ ಬದಲಿಸಬೇಕಾಯಿತು

ವೈ ಆಕಾರವನ್ನು 18 ಮಿ.ಮೀ. ಪ್ಲೈವುಡ್‌ನಲ್ಲಿ ನಮ್ಮ ಬೀದಿಯ ಆಚಾರ್ರು ಕೊಯ್ದುಕೊಟ್ಟರು. ತುದಿಗಳಿಗೆ ಸಿಲ್ವರ್ ಓಕ್ ತುಂಡು. ಸಕಲೇಶಪುರದ ಕಡೆಯ ತೋಟದಿಂದ ಬಂದ ಮರದ ಚೂರು ಅವರ ಹತ್ತಿರ ರಾಶಿ ಬಿದ್ದಿರುತ್ತದೆ. ತುದಿ ಬದಲಿಸಲು ಬೋಲ್ಟ್ ಮತ್ತು ಚಿಟ್ಟೆ ನಟ್. ಎರಡು ತೋಳಿಗೂ ಒಂದೇ ಥರದ ತುದಿ ಹಾಕಬೇಕು, ಒಂದು ಆಂಟಿಬಾಡಿಯ ಎರಡು ತೋಳೂ ಹಿಡಿಯುವುದು ಒಂದೇ ಎಪಿಟೋಪ್ ಅನ್ನು. ಆಚಾರ್ರು, "ಇದೇನ್ ಮೇಷ್ಟ್ರೇ, ಚಾಟಿಬಿಲ್ಲಾ?" ಅಂದರು. ಹೂಂ ಅಂದೆ.

ತುದಿಯಲ್ಲಿ ಮ್ಯಾಗ್ನೆಟ್ ಕೂರಿಸಲು ಸುಲಭ ದಾರಿ ಹೊಳೆಯಿತು. ತಂತಿ ಮಾದರಿಯ ಐದು ಮ್ಯಾಗ್ನೆಟ್‌ಗೆ ಎದುರು ಮ್ಯಾಗ್ನೆಟ್‌ಗಳನ್ನು ಹಾಗೇ ಅಂಟಿಸಿದೆ, ನಡುವೆ ತೆಳು ಪ್ಲಾಸ್ಟಿಕ್. ಧ್ರುವ ತಾನಾಗಿಯೇ ಸರಿ ಕೂರುತ್ತದೆ. ಅದನ್ನು ತುದಿಯ ಮೇಲಿನ ಹಸಿ ಪುಟ್ಟಿಯಲ್ಲಿ ಒತ್ತಿ ಒಣಗಲು ಬಿಟ್ಟೆ. ಮರುದಿನ ಬಿಡಿಸಿದರೆ ಅಚ್ಚು ಹೊಡೆದ ಹಾಗಿತ್ತು. ಟಕ್ ಅಂತ ಕೂರುತ್ತದೆ, ಬೇರೆಲ್ಲೂ ಕೂರುವುದಿಲ್ಲ. ಹಗ್ಗ ತಂದರೆ ಕೆಂಪು ಭಾಗ ಅಂಟುತ್ತದೆ, ನೀಲಿ ಎಲ್ಲೋ ನೇತಾಡುತ್ತದೆ, ಅಲ್ಲಾಡಿಸಿದರೆ ಬಿದ್ದುಹೋಗುತ್ತದೆ. ಕೆಲಸ ಮುಗಿಯಿತು ಅಂದುಕೊಂಡೆ.

ದ್ವಿತೀಯ ಪಿಯು ಹುಡುಗಿಯೊಬ್ಬಳು ಇದನ್ನು ನೋಡಿ ಕೇಳಿದಳು: "ಹಾಗಾದ್ರೆ ಆಂಟಿಜನ್ ಬಂದು ಒತ್ತಿದ ಮೇಲೆ ಆಂಟಿಬಾಡಿಗೆ ಆ ಶೇಪ್ ಬರುತ್ತಾ ಸಾರ್?"

ಬರುವುದಿಲ್ಲ. ಅಷ್ಟೇ ಅಲ್ಲ, ಹಾಗೆ ಬರುತ್ತದೆ ಅಂತ 1940ರಲ್ಲಿ ಹೇಳಿದ್ದು ಲೈನಸ್ ಪೌಲಿಂಗ್, ಆಮೇಲೆ ಎರಡು ನೊಬೆಲ್ ಪಡೆದವರು. ಆಂಟಿಜನ್ ಅಚ್ಚು, ಅದರ ಸುತ್ತ ಆಂಟಿಬಾಡಿ ಮಡಚಿಕೊಳ್ಳುತ್ತದೆ ಅನ್ನುವುದು ಅವರ ವಾದ. ನಿಲ್ಲಲಿಲ್ಲ. 1957ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಹೇಳಿದ್ದು ನಿಂತಿತು: ಬಗೆಬಗೆಯ ಹಿಡಿತ ಇರುವ ಕೋಶಗಳು ದೇಹದಲ್ಲಿ ಮೊದಲೇ ಇರುತ್ತವೆ, ಆಂಟಿಜನ್ ಬಂದು ತನಗೆ ಹೊಂದುವುದನ್ನು ಆರಿಸಿ ಬೆಳೆಸುತ್ತದೆ. ನನ್ನ ಪುಟ್ಟಿ ಅಚ್ಚು ಚೆಂದ ಕೆಲಸ ಮಾಡಿತ್ತು, ಆದರೆ ಹೇಳಿಕೊಡುತ್ತಿದ್ದದ್ದು ಸೋತ ಸಿದ್ಧಾಂತವನ್ನು. ಪ್ರದರ್ಶನಕ್ಕೆ ಬಂದವರು ಕಣ್ಣಲ್ಲಿ ಕಂಡದ್ದನ್ನೇ ನಂಬುತ್ತಾರೆ, ಪಕ್ಕದ ಚಾರ್ಟ್ ಯಾರು ಓದುತ್ತಾರೆ?

ಅಚ್ಚನ್ನು ಬರೀ ತೂತಿನ ಅಳತೆಗೆ ಬಳಸಿದೆ. ಐದು ಜಾಗಗಳನ್ನು ರಟ್ಟಿಗೆ ಇಳಿಸಿಕೊಂಡು, ಎಂಟು ಸಿಲ್ವರ್ ಓಕ್ ತುಂಡುಗಳಲ್ಲಿ 6 ಮಿ.ಮೀ. ಬಿಟ್‌ನಿಂದ ಹೊಸದಾಗಿ ತೂತು ಕೊರೆದೆ. ಯಾವ ಧ್ರುವ ಹೊರಗೆ ಅನ್ನುವುದನ್ನು ಒಂದೊಂದು ತೂತಿಗೂ ನಾಣ್ಯ ಹಾರಿಸಿ ನಿರ್ಧರಿಸಿದೆವು. ಐದು ತೂತಿಗೆ 32 ಬಗೆ ಸಾಧ್ಯ, ನಮ್ಮ ಹತ್ತಿರ ಎಂಟು. ಯಾವುದೂ ಪೂರ್ತಿ ಹೊಂದಲಿಲ್ಲ. ಬಹಳಷ್ಟು ತುಂಡುಗಳು ತಂತಿ ಮಾದರಿಯನ್ನು ದೂರ ತಳ್ಳಿದವು. ಒಂದರಲ್ಲಿ ಮಾತ್ರ ಐದರಲ್ಲಿ ನಾಲ್ಕು ಸರಿ ಇತ್ತು, ಅದು ಹಿಡಿಯಿತು. ಜೋರಾಗಿ ಅಲ್ಲಾಡಿಸಿದರೆ ಬಿಟ್ಟಿತು.

ಇದೇ ಬೇಕಾಗಿದ್ದದ್ದು. ಆ ತುಂಡಿನಲ್ಲಿ ಒಂದೊಂದೇ ಮ್ಯಾಗ್ನೆಟ್ ತಿರುವಿ ಹಾಕಿ ನೋಡುವ ಕೆಲಸ ಮಕ್ಕಳಿಗೆ ಬಿಟ್ಟೆ. ಸರಿ ಇದ್ದದ್ದನ್ನು ತಿರುವಿದಾಗ ಹಿಡಿತ ಇನ್ನೂ ಹಾಳು. 118ರ ಎದುರಿನದು ತಿರುವಿದಾಗ ಟಕ್! ಅಲ್ಲಾಡಿಸಿದರೂ ಬಿಡಲಿಲ್ಲ. ದೇಹದಲ್ಲೂ ಆಂಟಿಬಾಡಿ ತಯಾರಿಸುವ ಬಿ ಕೋಶಗಳು ದುಗ್ಧಗ್ರಂಥಿಗಳಲ್ಲಿ ಆಂಟಿಬಾಡಿ ಜೀನಿನಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿಕೊಳ್ಳುತ್ತವೆ, ಗಟ್ಟಿಯಾಗಿ ಹಿಡಿಯುವಂಥವು ಉಳಿಯುತ್ತವೆ. ಲಸಿಕೆಯ ಎರಡನೇ ಡೋಸ್ ಆದಮೇಲೆ ಹಿಡಿತ ಬಿಗಿಯಾಗುವುದರ ಹಿಂದೆ ಇದೂ ಇದೆ. ಪುಟ್ಟಿ ಅಚ್ಚನ್ನು ಪ್ರದರ್ಶನದಲ್ಲಿ ಇಡಲಿಲ್ಲ.

ಹಂತ 7: ಟರ್ಕಿ ಕೋಳಿ

121ನೇ ಜಾಗದಲ್ಲಿ ಕೋಳಿಯ ಲೈಸೋಜೈಮ್‌ಗೆ ಗ್ಲುಟಮೀನ್ ಎಂಬ ಅಮೈನೋ ಆಮ್ಲ ಇದೆ. ಅದು ಸ್ವಲ್ಪ ಹೊರಗೆ ಚಾಚಿ, ಡಿ1.3ರ ಒಂದು ಗುಳಿಯೊಳಗೆ ಕೂರುತ್ತದೆ. ಟರ್ಕಿ ಕೋಳಿಯಲ್ಲಿ ಅದೇ ಜಾಗದಲ್ಲಿ ಹಿಸ್ಟಿಡೀನ್. ಡಿ1.3ರ ಹಿಡಿತ ಅಲ್ಲಿ ತೀರಾ ಸಡಿಲ.

ಮಾದರಿಯಲ್ಲಿ: 121ಕ್ಕೆ 3 ಮಿ.ಮೀ. ದಪ್ಪದ ಹಿತ್ತಾಳೆ ಸ್ಕ್ರೂ (ಕಬ್ಬಿಣದ್ದು ಹಾಕಿದರೆ ಮತ್ತೆ ಹಳೇ ಕಥೆ), ಎದುರು ತುದಿಯಲ್ಲಿ 4 ಮಿ.ಮೀ. ಗುಳಿ. ಟರ್ಕಿ ಮಾಡಬೇಕಾದರೆ ಸ್ಕ್ರೂಗೆ ಪೆನ್ನಿನ ಕೊಳವೆಯ ತುಂಡು ತೊಡಿಸುವುದು. ದಪ್ಪ 8 ಮಿ.ಮೀ. ಆಗುತ್ತದೆ, ಗುಳಿಗೆ ಇಳಿಯುವುದಿಲ್ಲ. ಮ್ಯಾಗ್ನೆಟ್‌ಗಳ ನಡುವೆ 3 ಮಿ.ಮೀ. ಅಂತರ ಉಳಿಯುತ್ತದೆ, ಸೆಳೆತ ಹೋಗುತ್ತದೆ. ಐದೂ ಮ್ಯಾಗ್ನೆಟ್ ಸರಿಯಾಗಿಯೇ ಇವೆ, ಆದರೂ ಬೀಳುತ್ತದೆ. ಇಡೀ ಮಾದರಿಯಲ್ಲಿ ಅತಿ ಅಗ್ಗದ ಭಾಗ ಇದು, ಜನ ಜಾಸ್ತಿ ಹೊತ್ತು ನಿಂತಿದ್ದೂ ಇಲ್ಲೇ.

ಚನ್ನರಾಯಪಟ್ಟಣದ ಕಡೆಯ ಹೆಂಗಸೊಬ್ಬರು ಮಗನ ಜೊತೆ ಬಂದಿದ್ದರು. ಮನೆಯಲ್ಲಿ ಹಸು ಇದೆ, ಡೇರಿಗೆ ಹಾಲು ಹಾಕುತ್ತಾರೆ. "ನಮ್ಮ ಹಸಕ್ಕೆ ಕಾಲುಬಾಯಿ ಜ್ವರದ ಸೂಜಿ ಹಾಕ್ತಾರಲ್ಲ ಸಾರ್, ಅದೂ ಹಿಂಗೇನಾ?" ಅಂದರು. ಹಿಂಗೇ ಅಂದೆ. ಆ ವೈರಸ್‌ನಲ್ಲಿ ಏಳು ಬಗೆ ಇವೆ. ಒಂದು ಬಗೆಗೆ ತಯಾರಾದ ರಕ್ಷಣೆ ಇನ್ನೊಂದಕ್ಕೆ ಸಾಲುವುದಿಲ್ಲ. ನಮ್ಮಲ್ಲಿ ಹಾಕುವ ಲಸಿಕೆಯಲ್ಲಿ ಒ, ಎ, ಏಷ್ಯಾ 1 ಮೂರನ್ನೂ ಸೇರಿಸುವುದು ಅದಕ್ಕೇ. ಅವರು ಪೆನ್ನಿನ ಕೊಳವೆ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. "ಓ, ಇಷ್ಟಕ್ಕೇ ಜಾರುತ್ತೆ!"

ಆ ವೈರಸ್‌ನ ವಿಪಿ1 ಪ್ರೋಟೀನಿನಲ್ಲಿ 140ರಿಂದ 160ರ ಆಸುಪಾಸಿನ ಒಂದು ಕುಣಿಕೆ ಮುಖ್ಯ ಎಪಿಟೋಪ್. ಅಲ್ಲಿ ಲೈಸೋಜೈಮಿನ ಹಾಗೆ ದೂರದ ಎರಡು ತುಂಡು ಸೇರಬೇಕಿಲ್ಲ, ಒಂದೇ ಉದ್ದದ ತುಂಡು ಸಾಕು. ಅಂಥದ್ದೂ ಇದೆ ಅಂತ ತೋರಿಸಲು ಹಗ್ಗಕ್ಕೇ ಕಚ್ಚುವ ಇನ್ನೊಂದು ತುದಿ ಮಾಡಬೇಕು. ಮಾಡಿಲ್ಲ ಇನ್ನೂ.

ಹಂತ 8: ಟಿ ಕೋಶ

ಟಿ ಕೋಶ ಇಡೀ ಪ್ರೋಟೀನ್ ನೋಡುವುದಿಲ್ಲ. ಬೇರೆ ಕೋಶ ಅದನ್ನು ನುಂಗಿ, ತುಂಡು ಮಾಡಿ, ಎಂಎಚ್‌ಸಿ ಎಂಬ ಪ್ರೋಟೀನಿನ ತೋಡಿನಲ್ಲಿಟ್ಟು ಹೊರಗೆ ತೋರಿಸಬೇಕು. ಟಿ ಕೋಶ ತುಂಡನ್ನೂ ತೋಡನ್ನೂ ಸೇರಿಸಿಯೇ ಗುರುತಿಸುತ್ತದೆ. 1974ರಲ್ಲಿ ಜಿಂಕರ್‌ನಾಗಲ್ ಮತ್ತು ಡೊಹರ್ಟಿ ಇದನ್ನು ಕಂಡರು, 1996ರಲ್ಲಿ ನೊಬೆಲ್ ಬಂತು. ತುಂಡು ನಿಜವಾಗಿ ಎಂಎಚ್‌ಸಿಗೆ ಅಂಟುತ್ತದೆ ಅಂತ 1985ರಲ್ಲಿ ಎಮಿಲ್ ಉನಾನ್ವೆ ತಂಡ ತೋರಿಸಿದ್ದು ಇದೇ ಕೋಳಿ ಲೈಸೋಜೈಮಿನ 46ರಿಂದ 61ರ ತುಂಡಿನಲ್ಲಿ! ಲೈಸೋಜೈಮ್ ಆರಿಸಿದ್ದಕ್ಕೆ ಇದು ಎರಡನೆಯ ಕಾರಣ.

ಆ ತುಂಡಿನಲ್ಲಿ 52, 58, 61 ಕೆಳಗೆ ಎಂಎಚ್‌ಸಿ ಕಡೆ. 53, 56, 57 ಮೇಲೆ ಟಿ ಕೋಶದ ಕಡೆ. ಹಗ್ಗದ ತುಂಡಿಗೆ ಮ್ಯಾಗ್ನೆಟ್ ಕಟ್ಟಿದರೆ ಪಕ್ಕಪಕ್ಕದ 57, 58 ಒಂದನ್ನೊಂದು ಎಳೆದು ಹಗ್ಗ ತಿರುಚಿಕೊಂಡಿತು. ತಂತಿಯೂ ತಿರುಗಿತು. ಕೊನೆಗೆ ಕೆಲಸಕ್ಕೆ ಬಂದದ್ದು ಮಕ್ಕಳ 15 ಸೆಂ.ಮೀ. ಪ್ಲಾಸ್ಟಿಕ್ ಸ್ಕೇಲ್. ನಮಗೆ ಬೇಕಾದದ್ದು 142.5 ಮಿ.ಮೀ., ಅಳತೆಯೂ ಅದರ ಮೇಲೇ ಇದೆ. ಮೂರು ಮ್ಯಾಗ್ನೆಟ್ ಅಡಿಗೆ, ಮೂರು ಮೇಲೆ. ತೋಡನ್ನು ಆಚಾರ್ರು ಮರದ ಪಟ್ಟಿಯಲ್ಲಿ ಕೆತ್ತಿಕೊಟ್ಟರು, ಎರಡೂ ತುದಿ ತೆರೆದದ್ದು. ಎರಡನೇ ದರ್ಜೆಯ ಎಂಎಚ್‌ಸಿ ತೋಡು ಹಾಗೇ ಇರುತ್ತದೆ, ಉದ್ದದ ತುಂಡು ಆಚೆ ಚಾಚಿದರೂ ನಡೆಯುತ್ತದೆ.

ತೋಡಿಲ್ಲದೆ ಬರೀ ಸ್ಕೇಲ್‌ಗೆ ಟಿ ಕೋಶದ ಗ್ರಾಹಕ (ತುಂಡನ್ನು ಗುರುತಿಸುವ ಅದರ ಪ್ರೋಟೀನ್) ಅಂಟಬಾರದು. ನನ್ನದು ಅಂಟುತ್ತಿತ್ತು. ಗ್ರಾಹಕದ ಮೂರು ಮ್ಯಾಗ್ನೆಟ್‌ಗಳನ್ನು 2 ಮಿ.ಮೀ. ಒಳಗಿಳಿಸಿ, ತೋಡಿನ ಅಂಚಿನಲ್ಲೂ ಎರಡು ಸೇರಿಸಿದೆ. ಈಗ ಸ್ಕೇಲ್ ಒಂದೇ ಇದ್ದರೆ ಜಾರುತ್ತದೆ, ಖಾಲಿ ತೋಡಿದ್ದರೂ ಜಾರುತ್ತದೆ. ಎರಡೂ ಸೇರಿದರೆ ನಿಲ್ಲುತ್ತದೆ.

ಖರ್ಚು

ಅಲ್ಯೂಮಿನಿಯಂ ತಂತಿ 70. ಮ್ಯಾಗ್ನೆಟ್ ನೂರು, 520 (ಟಕ್ ಅಂತ ಬಡಿದುಕೊಂಡು ಹಲವು ಚೂರಾದವು, ಜಾಸ್ತಿಯೇ ತರಿಸಿ). ಎಂ-ಸೀಲ್, ಪುಟ್ಟಿ 160. ಹಳೇ ಸೈಕಲ್ ಕಡ್ಡಿ 50. ಪ್ಲೈವುಡ್ 150. ಬಣ್ಣ 120. ಹಗ್ಗ, ಸ್ಕೇಲ್ 30. ಆಚಾರ್ರ ಕೂಲಿ 400, ಸಿಲ್ವರ್ ಓಕ್‌ಗೆ ದುಡ್ಡು ಬೇಡ ಅಂದರು. ಬಿಸಾಡಿದ ಜಿಐ ತಂತಿ, ಮಣಿ 100. ಒಟ್ಟು 1600 ರೂಪಾಯಿ. ವಾಪಸ್ ಕಳಿಸಿದ ದೊಡ್ಡ ಮ್ಯಾಗ್ನೆಟ್ ಇದರಲ್ಲಿ ಸೇರಿಲ್ಲ.

ಬಾಕಿ

ಮೊದಲನೇ ದರ್ಜೆಯ ಎಂಎಚ್‌ಸಿ ತೋಡು ಮಾಡಬೇಕು. ಅದರ ಎರಡೂ ತುದಿ ಮುಚ್ಚಿರುತ್ತವೆ, 8ರಿಂದ 10 ಅಮೈನೋ ಆಮ್ಲದ ತುಂಡು ಮಾತ್ರ ಹಿಡಿಸುತ್ತದೆ. ನಮ್ಮ ಅಳತೆಯಲ್ಲಿ ಒಂಬತ್ತರ ತುಂಡಿಗೆ 76 ಮಿ.ಮೀ. ಮರದ ಪಟ್ಟಿ ಕೊಯ್ದು ಇಟ್ಟಿದೆ. 80ಕ್ಕೆ ಕೆತ್ತಿಸಿದರೆ 15 ಸೆಂ.ಮೀ. ಸ್ಕೇಲ್ ಒಳಗೆ ಕೂರುವುದಿಲ್ಲ, ಕತ್ತರಿಸಿದ ಸ್ಕೇಲ್ ಮಾತ್ರ ಕೂರುತ್ತದೆ. ಆಚಾರ್ರು ಮದುವೆ ಮಂಚದ ಕೆಲಸದಲ್ಲಿದ್ದಾರೆ, ಅದು ಮುಗಿದ ಮೇಲೆ ಇದು.